ಲಿನಕ್ಸ್ ವಿತರಣೆಗಳ ವೇಗ ಮತ್ತು ಕಾರ್ಯಕ್ಷಮತೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಂದರ್ಭ

ಲಿನಕ್ಸ್ ಎಂದು ರೂಢಿಯಲ್ಲಿ ಕರೆಯುವ ಕಾರ್ಯಾಚರಣ ವ್ಯವಸ್ಥೆ ಒಂದೇ ಕೈಯಿಂದ ಬಂದದ್ದಲ್ಲ. ಅದರ ತಿರುಳಾದ ಕರ್ನಲ್ಲನ್ನು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದರು. ಅದರ ಸುತ್ತ ಬೇಕಾದ ಉಪಕರಣಗಳು ಬಹುಪಾಲು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದವು. ಇವೆರಡಕ್ಕೂ ಡೆಸ್ಕ್‌ಟಾಪು, ಬ್ರೌಸರು, ಫಾಂಟು, ತಂತ್ರಾಂಶ ಹಾಕುವ ತೆಗೆಯುವ ವ್ಯವಸ್ಥೆಗಳನ್ನು ಸೇರಿಸಿ, ಪೆನ್‌ಡ್ರೈವಿನಿಂದ ನೇರವಾಗಿ ಗಣಕಕ್ಕೆ ಹಾಕಿಕೊಳ್ಳುವಂತೆ ಕಟ್ಟಿಕೊಟ್ಟರೆ ಅದು ವಿತರಣೆ. ಬಳಕೆದಾರರ ಬಾಯಲ್ಲಿ ಡಿಸ್ಟ್ರೋ. 1993ರಲ್ಲಿ ಹುಟ್ಟಿದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಇಂದಿಗೂ ಉಳಿದಿರುವ ಅತಿ ಹಳೆಯ ವಿತರಣೆಗಳು. ಆಮೇಲೆ ರೆಡ್ ಹ್ಯಾಟ್, ಸೂಸೆ, ಜೆಂಟೂ, ಆರ್ಚ್, ಫೆಡೋರಾ, ಉಬುಂಟು, ಮಿಂಟ್, ಆಲ್ಪೈನ್ ಎಂದು ಪಟ್ಟಿ ಬೆಳೆಯಿತು. ಈಗ ಚಾಲ್ತಿಯಲ್ಲಿರುವುವೇ ನೂರಾರು.

ಇಷ್ಟರಲ್ಲಿ ಯಾವುದು ವೇಗದ್ದು ಎಂಬ ಪ್ರಶ್ನೆ ವಿತರಣೆಗಳಷ್ಟೇ ಹಳೆಯದು. ಪ್ರಯೋಗಾಲಯದ ಹೊಸ ಯಂತ್ರದ ಮೇಲೆ ಇದಕ್ಕೆ ಸಿಗುವ ಉತ್ತರ ಒಂದು, ಮಳೆಗಾಲದ ಮಲೆನಾಡಿನಲ್ಲಿ ಸಿಗುವ ಉತ್ತರ ಇನ್ನೊಂದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಒಂದು ಗಣಕ ನಿಜವಾಗಿ ಎದುರಿಸುವ ಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಲೇಖನ ಆ ಹೋಲಿಕೆಯನ್ನು ನೋಡುತ್ತದೆ.

ನೆಲ, ಮಳೆ, ಯಂತ್ರ

ಶೃಂಗೇರಿ ತುಂಗೆಯ ದಂಡೆಯಲ್ಲಿದೆ. ನರಸಿಂಹರಾಜಪುರ ಭದ್ರಾ ಅಣೆಕಟ್ಟೆಯ ಹಿನ್ನೀರಿನ ಬದಿಯಲ್ಲಿದೆ. ಇವೆರಡರ ನಡುವಣ ಕೊಪ್ಪ ಅಡಿಕೆ, ಕಾಫಿ ತೋಟಗಳ ತಾಲ್ಲೂಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದು ಸುರಿಯುವ ಮಳೆಗೆ ಮರ ಉರುಳಿ ಮೆಸ್ಕಾಂ ತಂತಿ ಹರಿಯುವುದು ಇಲ್ಲಿ ಸುದ್ದಿಯೇ ಅಲ್ಲ. ಒಳಹಳ್ಳಿಗಳಲ್ಲಿ ಕರೆಂಟು ದಿನಗಟ್ಟಲೆ ಬರದಿರಬಹುದು. ಬಂದರೂ ಗಂಟೆಗೊಮ್ಮೆ ಹೋಗಬಹುದು. ಸಿಡಿಲಿಗೆ ಮೋಡೆಮ್ ಸುಡುತ್ತದೆ. ಮೊಬೈಲ್ ಸಿಗ್ನಲ್ ಮನೆಯ ಜಗಲಿಯಲ್ಲಿ ಇದ್ದರೆ ಒಳಕೋಣೆಯಲ್ಲಿ ಇರುವುದಿಲ್ಲ. 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ರಾಜ್ಯವೆಲ್ಲ ನೋಡಿದೆ.

ಇಂಥಲ್ಲಿ ಶಾಲೆಯ ಲ್ಯಾಬು, ಜೆರಾಕ್ಸ್ ಅಂಗಡಿ, ತೋಟದ ಮನೆಗಳಲ್ಲಿ ಕಾಣುವ ಗಣಕಗಳ ಪೈಕಿ ಹತ್ತು ವರ್ಷ ದಾಟಿದವು ಬೇಕಾದಷ್ಟಿವೆ. ಡ್ಯುಯಲ್ ಕೋರ್ ಅಥವಾ ಮೊದಮೊದಲ ಐ3 ಪ್ರೊಸೆಸರು, 2 ಅಥವಾ 4 ಜಿಬಿ ರ್‍ಯಾಮು, ತಿರುಗುವ ಹಾರ್ಡ್‌ಡಿಸ್ಕು: ಹೆಚ್ಚಿನವುಗಳ ಜಾತಕ ಇಷ್ಟೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನೂ ಕನಿಷ್ಠ 4 ಜಿಬಿ ರ್‍ಯಾಮನ್ನೂ 64 ಜಿಬಿ ಡಿಸ್ಕನ್ನೂ ಕೇಳುತ್ತದೆ. ಹೀಗಾಗಿ ಕೆಟ್ಟಿರದ, ಆದರೆ ಅಧಿಕೃತವಾಗಿ ಮುಂದಕ್ಕೆ ಹೋಗಲಾರದ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿಯಾಗಿ ಉಳಿದಿದೆ. ಯಾವ ಲಿನಕ್ಸ್ ಎಂಬ ಪ್ರಶ್ನೆ ಆ ಮೇಲೆ ಬರುತ್ತದೆ.

ವ್ಯತ್ಯಾಸ ಹುಟ್ಟುವುದೆಲ್ಲಿ

ಎಲ್ಲ ವಿತರಣೆಗಳಲ್ಲೂ ಇರುವುದು ಅದೇ ಕರ್ನಲ್, ಅದೇ ಫೈರ್‌ಫಾಕ್ಸ್, ಅದೇ ಲಿಬ್ರೆಆಫೀಸ್. ಆವೃತ್ತಿ ಒಂದೆರಡು ಹೆಜ್ಜೆ ಹಿಂದೆ ಮುಂದೆ ಇರಬಹುದು. ಒಂದೇ ತೋಟದ ಕಾಫಿಬೀಜವನ್ನು ಬೇರೆ ಬೇರೆ ಅಂಗಡಿಯವರು ಹುರಿದು, ತಮ್ಮ ತಮ್ಮ ಲೆಕ್ಕದಲ್ಲಿ ಚಿಕೋರಿ ಬೆರೆಸಿ ಮಾರುವ ಹಾಗೆ ಇದು. ರುಚಿ ಬದಲಾಗುವುದು ಬೆರಕೆಯಿಂದ. ಆದ್ದರಿಂದ ‘ಉಬುಂಟು ನಿಧಾನ, ಆರ್ಚ್ ವೇಗ’ ಎಂಬಂಥ ಮಾತಿಗೆ ಅಷ್ಟಾಗಿ ಅರ್ಥವಿಲ್ಲ. ಉಬುಂಟುವಿನಲ್ಲಿ ಏನೇನು ಸೇರಿದೆ, ಆರ್ಚ್‌ನಲ್ಲಿ ಏನೇನು ಸೇರಿಲ್ಲ ಎಂದು ಕೇಳಬೇಕು.

ಬೆರಕೆಯಲ್ಲಿ ಮುಖ್ಯವಾದದ್ದು ಡೆಸ್ಕ್‌ಟಾಪ್ ಪರಿಸರ. ಗ್ನೋಮ್ ಮತ್ತು ಕೆಡಿಇ ಪ್ಲಾಸ್ಮಾ ದೊಡ್ಡವು, ಎಕ್ಸ್‌ಎಫ್‌ಸಿಇ ನಡುವಿನದು, ಎಲ್‌ಎಕ್ಸ್‌ಕ್ಯೂಟಿ ಹಗುರ, ಐಸ್‌ಡಬ್ಲ್ಯೂಎಂನಂಥ ಬರಿಯ ಕಿಟಕಿ ನಿರ್ವಾಹಕಗಳು ಇನ್ನೂ ಹಗುರ. ಆಮೇಲೆ ಗಣಕ ಏಳುವಾಗ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ ಬರುತ್ತದೆ. ಹೆಚ್ಚಿನ ವಿತರಣೆಗಳಲ್ಲಿ ಅದು ಸಿಸ್ಟಮ್‌ಡಿ, ಆಲ್ಪೈನ್‌ನಲ್ಲಿ ಓಪನ್‌ಆರ್‌ಸಿ, ವಾಯ್ಡ್‌ನಲ್ಲಿ ರನ್‌ಇಟ್. ಕಡತ ವ್ಯವಸ್ಥೆ, ಪ್ಯಾಕೇಜುಗಳನ್ನು ಸಂಕಲಿಸಿದ ರೀತಿ, ಪ್ರೊಸೆಸರಿನ ವೇಗ ಏರಿಳಿಸುವ ಗವರ್ನರ್, ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುವ ಅಪ್‌ಡೇಟ್ ಸೇವೆಗಳು ಇವೆಲ್ಲ ಆ ಮೇಲಿನವು. ಇವುಗಳಲ್ಲಿ ಬಹುತೇಕ ಎಲ್ಲವನ್ನೂ ಬಳಕೆದಾರ ತಾನೇ ಬದಲಿಸಿಕೊಳ್ಳಬಹುದು. ಅಂದಮೇಲೆ ವಿತರಣೆಗಳ ವೇಗದ ಹೋಲಿಕೆ ಬಹುಮಟ್ಟಿಗೆ ಅವುಗಳ ಪೂರ್ವನಿಗದಿತ ಆಯ್ಕೆಗಳ ಹೋಲಿಕೆಯೇ ಆಗಿಬಿಡುತ್ತದೆ.

ಅಳೆಯುವ ಬಗೆ

ಈ ಕ್ಷೇತ್ರದ ಹೆಸರಾಂತ ಅಳತೆಗೋಲು ಫೊರೋನಿಕ್ಸ್ ಟೆಸ್ಟ್ ಸೂಟ್. ಅಮೆರಿಕದ ಮೈಕೆಲ್ ಲ್ಯಾರಬೆಲ್ 2004ರಲ್ಲಿ ಆರಂಭಿಸಿದ ಫೊರೋನಿಕ್ಸ್ ತಾಣದಿಂದ ಹುಟ್ಟಿದ ಇದು 2008ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡಿತು. ಕಡತ ಕುಗ್ಗಿಸುವುದು, ವಿಡಿಯೊ ಪರಿವರ್ತನೆ, ಕರ್ನಲ್ ಸಂಕಲನ, ದತ್ತಸಂಚಯದ ಓದು-ಬರಹ ಹೀಗೆ ನೂರಾರು ಕೆಲಸಗಳನ್ನು ಮತ್ತೆ ಮತ್ತೆ ಮಾಡಿಸಿ ಸರಾಸರಿ ತೆಗೆಯುತ್ತದೆ. ಡಿಸ್ಕಿಗೆ ಎಫ್‌ಐಒ, ಆಜ್ಞೆಗಳ ಸಮಯಕ್ಕೆ ಹೈಪರ್‌ಫೈನ್, ಗ್ರಾಫಿಕ್ಸಿಗೆ ಜಿಎಲ್‌ಮಾರ್ಕ್2, ಬೂಟ್ ಸಮಯಕ್ಕೆ ಸಿಸ್ಟಮ್‌ಡಿ-ಅನಲೈಜ್ ಇವೆ.

ಉಪಕರಣಕ್ಕಿಂತ ಶಿಸ್ತು ಕಷ್ಟ. ಯಂತ್ರ ಒಂದೇ ಇರಬೇಕು, ಡಿಸ್ಕೂ ಒಂದೇ ಇರಬೇಕು. ಒಂದು ವಿತರಣೆಯನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ಇನ್ನೊಂದನ್ನು ಡಿಸ್ಕಿಗೆ ಹಾಕಿ ಹೋಲಿಸಿದರೆ ಅಳತೆಗೆ ಸಿಗುವುದು ಪೆನ್‌ಡ್ರೈವಿನ ನಿಧಾನ ಮಾತ್ರ. ಬ್ರೌಸರನ್ನು ಮೊದಲ ಸಲ ತೆರೆದಾಗ ಅದು ಡಿಸ್ಕಿನಿಂದ ಬರುತ್ತದೆ. ಎರಡನೆಯ ಸಲ ಕರ್ನಲ್ ಮೆಮೊರಿಯಲ್ಲಿ ಉಳಿಸಿಕೊಂಡ ಪ್ರತಿಯಿಂದ ಬರುತ್ತದೆ. ಈ ಎರಡು ಸಮಯಗಳನ್ನು ಒಂದೇ ಪಟ್ಟಿಗೆ ಸೇರಿಸಬಾರದು. ಲ್ಯಾಪ್‌ಟಾಪಿನ ಫ್ಯಾನಿಗೆ ದೂಳು ಕಟ್ಟಿದ್ದರೆ ಹತ್ತು ನಿಮಿಷದ ಬಳಿಕ ಪ್ರೊಸೆಸರು ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಕೊನೆಯಲ್ಲಿ ಪರೀಕ್ಷೆಗೆ ಬಂದ ವಿತರಣೆ ಅನ್ಯಾಯವಾಗಿ ಸೋಲುತ್ತದೆ. ಯೂಟ್ಯೂಬಿನಲ್ಲಿ ಸುರಿದಿರುವ ‘ಅತಿ ವೇಗದ ಡಿಸ್ಟ್ರೋ’ ವಿಡಿಯೊಗಳಲ್ಲಿ ಈ ಎಚ್ಚರ ಕಾಣುವುದು ಅಪರೂಪ.

ಕರೆಂಟು ಬಂದ ಮೇಲೆ

ದಿನಕ್ಕೆ ಒಂದು ಸಲ ಗಣಕ ಹಚ್ಚುವವರಿಗೆ ಬೂಟ್ ಸಮಯ ದೊಡ್ಡ ವಿಷಯವಲ್ಲ. ಯುಪಿಎಸ್ ಇಲ್ಲದ ಅಂಗಡಿಯಲ್ಲಿ, ಪಹಣಿ ಮುದ್ರಿಸಿಕೊಳ್ಳಲು ನಾಲ್ಕು ಜನ ಕಾದಿರುವಾಗ, ಮಧ್ಯಾಹ್ನದೊಳಗೆ ಐದು ಸಲ ಕರೆಂಟು ಹೋಗಿ ಬಂದರೆ ಅದು ದೊಡ್ಡ ವಿಷಯವೇ.

ಲಿನಕ್ಸ್ ಬೂಟ್ ಬಹಳ ಕಾಲ ಸರದಿ ಸಾಲಿನಂತಿತ್ತು. ಒಂದು ಸೇವೆ ಎದ್ದು ಮುಗಿಸಿದ ಮೇಲೆ ಇನ್ನೊಂದು. 2008ರಲ್ಲಿ ಇಂಟೆಲ್ಲಿನ ಆರ್ಯನ್ ವಾನ್ ಡಿ ವೆನ್ ಮತ್ತು ಔಕೆ ಕಾಕ್ ಪುಟ್ಟ ಈಈಈ ಪಿಸಿ (Eee PC) ಲ್ಯಾಪ್‌ಟಾಪನ್ನು ಐದು ಸೆಕೆಂಡಿನಲ್ಲಿ ಎಬ್ಬಿಸಿ ತೋರಿಸಿದ ಮೇಲೆ ಈ ಸಾಲು ಅನಿವಾರ್ಯವಲ್ಲ ಎಂದು ಎಲ್ಲರಿಗೂ ಮನದಟ್ಟಾಯಿತು. 2010ರಲ್ಲಿ ಬಂದ ಸಿಸ್ಟಮ್‌ಡಿ ಸೇವೆಗಳನ್ನು ಏಕಕಾಲಕ್ಕೆ ಎಬ್ಬಿಸತೊಡಗಿತು. ಫೆಡೋರಾ 15 ಅದನ್ನು 2011ರಲ್ಲಿ ಒಪ್ಪಿಕೊಂಡಿತು, ಡೆಬಿಯನ್ 8 ಮತ್ತು ಉಬುಂಟು 15.04 ಎರಡೂ 2015ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡವು. ಸಿಸ್ಟಮ್‌ಡಿ ಮೇಲಿನ ಜಗಳ ಇಂದಿಗೂ ಆರಿಲ್ಲ. ಆದರೆ ವಿತರಣೆಗಳ ನಡುವಣ ಬೂಟ್ ಅಂತರ ಕುಗ್ಗಿದ್ದು ಬಹುಮಟ್ಟಿಗೆ ಅದರಿಂದ.

ಉಳಿದ ಅಂತರಕ್ಕಿಂತ ಡಿಸ್ಕಿನ ಅಂತರ ಎಷ್ಟೋ ದೊಡ್ಡದು. ತಿರುಗುವ ಹಾರ್ಡ್‌ಡಿಸ್ಕು ಚದುರಿದ ಸಣ್ಣ ಓದುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಮಾಡಬಲ್ಲದು. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಮಾಡುತ್ತದೆ. ಬೂಟ್ ಆಗುವುದೆಂದರೆ ಇಂಥ ಸಾವಿರಾರು ಸಣ್ಣ ಕಡತಗಳನ್ನು ಓದುವುದು. ಹಾರ್ಡ್‌ಡಿಸ್ಕಿನ ಮೇಲಿನ ಅತಿ ಹಗುರ ವಿತರಣೆಯನ್ನು ಎಸ್‌ಎಸ್‌ಡಿ ಮೇಲಿನ ಅತಿ ಭಾರದ ವಿತರಣೆ ಸುಲಭವಾಗಿ ಹಿಂದೆ ಹಾಕುತ್ತದೆ.

ಮಲೆನಾಡಿಗೆ ವಿಶೇಷವಾಗಿ ತಾಗುವ ಇನ್ನೊಂದು ಕಾಟವಿದೆ. ಕೆಲವು ಸೇವೆಗಳು ಜಾಲ ಸಿಗುವವರೆಗೆ ಕಾಯುತ್ತವೆ. ಸಿಡಿಲಿಗೆ ಮೋಡೆಮ್ ಹೋಗಿದ್ದ ದಿನ ಉಬುಂಟು ಸರ್ವರ್ ಎರಡು ನಿಮಿಷದವರೆಗೂ ಸುಮ್ಮನೆ ಕಾದು ಕೂರಬಹುದು. ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂಬ ಆಜ್ಞೆ ಕೊಟ್ಟರೆ ತಡ ಮಾಡಿದ ಸೇವೆಗಳ ಹೆಸರುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಬರುತ್ತವೆ. ಬೇಡದ್ದನ್ನು ನಿಲ್ಲಿಸುವುದು ಒಂದು ಸಾಲಿನ ಕೆಲಸ. ಇದಕ್ಕಾಗಿ ವಿತರಣೆಯನ್ನೇ ಬದಲಿಸುವವರಿದ್ದಾರೆ.

ವೇಗವಾಗಿ ಏಳುವುದಕ್ಕಿಂತ ಕೆಡದೆ ಏಳುವುದು ಮುಖ್ಯ. 2008ರ ಕೊನೆಗೆ ಸ್ಥಿರವೆನಿಸಿದ ಇಎಕ್ಸ್‌ಟಿ4 ಕಡತ ವ್ಯವಸ್ಥೆ ತಾನು ಮಾಡಲಿರುವ ಬದಲಾವಣೆಗಳನ್ನು ಮೊದಲು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ, ರೂಢಿಯಂತೆ ಐದು ಸೆಕೆಂಡಿಗೊಮ್ಮೆ ಅದನ್ನು ಡಿಸ್ಕಿಗೆ ಇಳಿಸುತ್ತದೆ. ಕರೆಂಟು ಹಠಾತ್ತನೆ ಹೋದರೆ ಕೊನೆಯ ಕೆಲವು ಸೆಕೆಂಡುಗಳ ಕೆಲಸ ಹೋಗಬಹುದು. ಇಡೀ ಡಿಸ್ಕು ಗಂಟೆಗಟ್ಟಲೆ ತಪಾಸಣೆಗೆ ಕೂರುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಫೆಡೋರಾ 2020ರ ಅಕ್ಟೋಬರ್‌ನಲ್ಲಿ ಬಂದ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪುಗಳಿಗೆ ಬಿಟಿಆರ್‌ಎಫ್‌ಎಸ್ ಕೊಡುತ್ತಿದೆ. ಅದು ಹಳೆಯದನ್ನು ಅಳಿಸುವ ಮೊದಲು ಹೊಸದನ್ನು ಬೇರೆ ಕಡೆ ಬರೆಯುತ್ತದೆ, ಕಡತ ಕೆಟ್ಟಿದ್ದರೆ ಗುರುತಿಸುತ್ತದೆ. ಆದರೆ ತಿರುಗುವ ಡಿಸ್ಕಿನ ಮೇಲೆ ಕಾಲ ಕಳೆದಂತೆ ಕಡತಗಳು ಚೂರುಚೂರಾಗಿ ಹರಡುವುದರಿಂದ ಹಳೆಯ ಯಂತ್ರಕ್ಕೆ ಇಎಕ್ಸ್‌ಟಿ4 ಮೇಲು.

ಮೆಮೊರಿಯ ಲೆಕ್ಕ

ಬರಿಯ ಡೆಸ್ಕ್‌ಟಾಪ್ ತೆರೆದು ಸುಮ್ಮನೆ ಬಿಟ್ಟಾಗ ಗ್ನೋಮ್ ಇರುವ ವಿತರಣೆಗಳು ಅಂದಾಜು ಒಂದರಿಂದ ಒಂದೂವರೆ ಜಿಬಿ ರ್‍ಯಾಮ್ ಹಿಡಿಯುತ್ತವೆ. ಪ್ಲಾಸ್ಮಾ ಅದಕ್ಕಿಂತ ತುಸು ಕಡಿಮೆ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಅರ್ಧ ಜಿಬಿಯ ಮೇಲೆ ಕೆಳಗೆ ನಿಲ್ಲುತ್ತವೆ. ಡೆಬಿಯನ್ ಆಧಾರದ ಆಂಟಿಎಕ್ಸ್ 200ರಿಂದ 300 ಎಂಬಿಯಲ್ಲಿ ಮುಗಿಸುತ್ತದೆ. ಚಿತ್ರಪರದೆಯಿಲ್ಲದ ಆಲ್ಪೈನ್‌ಗೆ ಕೆಲವು ಹತ್ತು ಎಂಬಿ ಸಾಕು. ಉಬುಂಟು 24.04ರ ಅಧಿಕೃತ ಬೇಡಿಕೆ 4 ಜಿಬಿ ರ್‍ಯಾಮು, 25 ಜಿಬಿ ಡಿಸ್ಕು. ಲಿನಕ್ಸ್ ಮಿಂಟ್ 2 ಜಿಬಿ ಕನಿಷ್ಠ, 4 ಜಿಬಿ ಹಿತ ಎನ್ನುತ್ತದೆ.

ಈ ಅಂಕಿಗಳನ್ನು ಓದುವಾಗ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ. ಖಾಲಿ ಇರುವ ರ್‍ಯಾಮನ್ನು ಲಿನಕ್ಸ್ ಡಿಸ್ಕಿನ ಕಡತಗಳ ಪ್ರತಿ ಇಟ್ಟುಕೊಳ್ಳಲು ಬಳಸುತ್ತದೆ, ಬೇರೆ ಕೆಲಸಕ್ಕೆ ಬೇಕಾದಾಗ ಬಿಟ್ಟುಕೊಡುತ್ತದೆ. ‘ಫ್ರೀ’ ಆಜ್ಞೆಯ ಉತ್ತರದಲ್ಲಿ ಬಹುಪಾಲು ತುಂಬಿದಂತೆ ಕಂಡರೂ ‘ಅವೈಲಬಲ್’ ಎಂಬ ಅಂಕಣ ದೊಡ್ಡದಿದ್ದರೆ ಗಾಬರಿ ಬೇಡ.

ಇನ್ನು ಬ್ರೌಸರು. ಬ್ಯಾಂಕಿನ ಪುಟ, ಸೇವಾಸಿಂಧು, ಯೂಟ್ಯೂಬು, ವಾಟ್ಸಾಪ್ ವೆಬ್ ನಾಲ್ಕನ್ನೂ ತೆರೆದಿಟ್ಟರೆ ಹಗುರ ಡೆಸ್ಕ್‌ಟಾಪ್ ಉಳಿಸಿಕೊಟ್ಟ ಅರ್ಧ ಜಿಬಿ ಅಲ್ಲೇ ಕರಗುತ್ತದೆ. 2 ಜಿಬಿ ಯಂತ್ರದಲ್ಲಿ ಆ ಅರ್ಧ ಜಿಬಿ ಜೀವ ಉಳಿಸುತ್ತದೆ, 8 ಜಿಬಿ ಯಂತ್ರದಲ್ಲಿ ಅದರಿಂದ ಲಾಭವಿಲ್ಲ. 4 ಜಿಬಿ ಗಡಿಯಲ್ಲಿರುವವರಿಗೆ ಝಡ್‌ರ್‍ಯಾಮ್ ಎಂಬ ಉಪಾಯ ಗೊತ್ತಿರಬೇಕು. ಬಳಕೆಯಲ್ಲಿಲ್ಲದ ಮೆಮೊರಿ ಪುಟಗಳನ್ನು ಡಿಸ್ಕಿಗೆ ತಳ್ಳುವ ಬದಲು ರ್‍ಯಾಮಿನಲ್ಲೇ ಕುಗ್ಗಿಸಿಡುವ ವ್ಯವಸ್ಥೆ ಇದು. ಆಂಡ್ರಾಯ್ಡ್ ಫೋನುಗಳಲ್ಲಿ ಹಲವು ವರ್ಷಗಳಿಂದ ಚಾಲ್ತಿಯಲ್ಲಿದೆ. ಫೆಡೋರಾ 33ರಿಂದ ತಾನಾಗಿಯೇ ಹಾಕಿ ಕೊಡುತ್ತದೆ. ಡೆಬಿಯನ್, ಮಿಂಟ್‌ಗಳಲ್ಲಿ ಒಂದು ಪ್ಯಾಕೇಜು ಹಾಕಿಕೊಂಡರಾಯಿತು. ಹಾರ್ಡ್‌ಡಿಸ್ಕಿನ ಯಂತ್ರ ‘ಹ್ಯಾಂಗ್’ ಆಗುವುದನ್ನು ಇದರಷ್ಟು ತಡೆಯುವ ಬೇರೆ ಸಾಧನ ತಂತ್ರಾಂಶದ ಬದಿಯಲ್ಲಿ ಇಲ್ಲ.

ಪ್ರೊಸೆಸರಿಗೆ ತಕ್ಕ ಸಂಕಲನ

ವಿತರಣೆಗಳ ನಡುವೆ ನಿಜವಾದ ಸ್ಪರ್ಧೆ ಕಾಣುವುದು ಇಲ್ಲಿ. ಒಂದೇ ಮೂಲಸಂಕೇತವನ್ನು ಎಲ್ಲ 64 ಬಿಟ್ ಪ್ರೊಸೆಸರುಗಳಿಗೂ ಹೊಂದುವಂತೆ ಸಂಕಲಿಸಬಹುದು, ಹೊಸ ಪ್ರೊಸೆಸರಿನ ಆಜ್ಞೆಗಳನ್ನು ಬಳಸಿಕೊಳ್ಳುವಂತೆಯೂ ಸಂಕಲಿಸಬಹುದು. ಡೆಬಿಯನ್ ಮೊದಲನೆಯ ದಾರಿಯಲ್ಲಿದೆ. ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ 9ರಲ್ಲಿ ಎಕ್ಸ್86-64-ವಿ2 ಮಟ್ಟವನ್ನೂ 10ರಲ್ಲಿ ವಿ3 ಮಟ್ಟವನ್ನೂ ಕಡ್ಡಾಯ ಮಾಡಿತು. ಆರ್ಚ್ ಆಧಾರದ ಕ್ಯಾಶಿಓಎಸ್ ವಿ3, ವಿ4 ಪ್ಯಾಕೇಜುಗಳನ್ನು ಪ್ರತ್ಯೇಕವಾಗಿ ಕೊಡುತ್ತದೆ. ವಿ3 ಎಂದರೆ ಸರಿಸುಮಾರು 2013ರ ಇಂಟೆಲ್ ಹ್ಯಾಸ್ವೆಲ್ ಮತ್ತು ಆಮೇಲಿನ ಪ್ರೊಸೆಸರುಗಳು. ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಹಲವಕ್ಕೆ ಆ ವರ್ಷದ ನಂತರವೂ ಈ ಸೌಲಭ್ಯ ಸಿಗಲಿಲ್ಲ. ಶಾಲಾ ಲ್ಯಾಬಿನ ಹಳೆಯ ಯಂತ್ರಗಳಲ್ಲಿ ಅನೇಕವು ಈ ಗೆರೆಯ ಆಚೆ ಉಳಿಯುತ್ತವೆ.

ಈ ದಾರಿಯನ್ನು ಕೊನೆಯವರೆಗೂ ತುಳಿದದ್ದು ಇಂಟೆಲ್ಲಿನ ಕ್ಲಿಯರ್ ಲಿನಕ್ಸ್. ಫೊರೋನಿಕ್ಸ್ ಹೋಲಿಕೆಗಳಲ್ಲಿ ಅದು ವರ್ಷಗಟ್ಟಲೆ ಮುಂಚೂಣಿಯಲ್ಲಿತ್ತು. ಪ್ರತಿಸ್ಪರ್ಧಿ ಎಎಂಡಿ ಪ್ರೊಸೆಸರುಗಳ ಮೇಲೂ ಚೆನ್ನಾಗಿ ಓಡಿತು. 2025ರ ಜುಲೈನಲ್ಲಿ ಇಂಟೆಲ್ ಅದನ್ನು ನಿಲ್ಲಿಸಿತು. ಎಲ್ಲರಿಗಿಂತ ಮುಂದೆ ಓಡಿದ ವಿತರಣೆ ಹತ್ತು ವರ್ಷಕ್ಕೆ ಮುಗಿದುಹೋಗಿದೆ. ಅದರ ಮುಂದೆ ಯಾವ ಓಟದಲ್ಲೂ ಗೆಲ್ಲದ ಡೆಬಿಯನ್‌ಗೆ ಮೂವತ್ತು ದಾಟಿದೆ.

ಜೆಂಟೂ ಇನ್ನೊಂದು ತುದಿ. ಪ್ರತಿ ತಂತ್ರಾಂಶವನ್ನೂ ತನ್ನ ಯಂತ್ರದಲ್ಲೇ, ತನ್ನ ಪ್ರೊಸೆಸರಿಗೆ ಹೊಂದುವಂತೆ ಸಂಕಲಿಸಿಕೊಳ್ಳುವುದು ಅದರ ಸಂಪ್ರದಾಯ. ಹಳೆಯ ಡ್ಯುಯಲ್ ಕೋರ್‌ನಲ್ಲಿ ಒಂದು ಬ್ರೌಸರ್ ಸಂಕಲನಕ್ಕೆ ಹಲವು ಗಂಟೆ ಹಿಡಿಯುತ್ತದೆ, ಆಷಾಢದಲ್ಲಿ ಶೃಂಗೇರಿಯ ಕರೆಂಟು ಅಷ್ಟು ಹೊತ್ತು ಉಳಿದರೆ ಅದೇ ಸಾಧನೆ. 2023ರ ಡಿಸೆಂಬರ್‌ನಿಂದ ಜೆಂಟೂ ಸಿದ್ಧ ಪ್ಯಾಕೇಜುಗಳನ್ನೂ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದೆ.

ಆಲ್ಪೈನ್ ಗಾತ್ರದಲ್ಲಿ ಗೆಲ್ಲುವುದು ಮಸ್ಲ್ ಎಂಬ ಪುಟ್ಟ ಸಿ ಗ್ರಂಥಾಲಯ ಮತ್ತು ಬಿಜಿಬಾಕ್ಸ್‌ನಿಂದ. ಸರ್ವರ್ ಕಂಟೇನರುಗಳಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಹಲವು ಎಳೆಗಳಲ್ಲಿ (ಥ್ರೆಡ್) ಏಕಕಾಲಕ್ಕೆ ಮೆಮೊರಿ ಬೇಡುವ ಕೆಲಸಗಳಲ್ಲಿ ಮಸ್ಲ್, ಹೆಚ್ಚಿನ ವಿತರಣೆಗಳು ಬಳಸುವ ದೊಡ್ಡ ಗ್ಲಿಬ್‌ಸಿಗಿಂತ ಹಿಂದೆ ಬೀಳುತ್ತದೆ. ಚಿಕ್ಕದು ವೇಗದ್ದೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ಹಾಕಿದ ತೇಪೆಗಳು ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಎಲ್ಲ ವಿತರಣೆಗಳಲ್ಲೂ ನಿಧಾನ ಮಾಡಿದವು. ಅವನ್ನು ತೆಗೆದುಹಾಕಿ ವೇಗ ಪಡೆಯಿರಿ ಎಂಬ ಸಲಹೆ ಆಗಾಗ ಸಿಗುತ್ತದೆ. ಬ್ಯಾಂಕಿನ ಕೆಲಸ ನಡೆಯುವ ಯಂತ್ರದಲ್ಲಿ ಅದನ್ನು ಕೇಳಬಾರದು.

ತೆಳು ಜಾಲದಲ್ಲಿ ಅಪ್‌ಡೇಟ್

ಬೆಂಗಳೂರಿನಲ್ಲಿ ಕುಳಿತು ಮಾಡಿದ ಹೋಲಿಕೆಗಳಲ್ಲಿ ಕಾಣದ ಅಂಕಿ ಒಂದಿದೆ: ಇಳಿಸಿಕೊಳ್ಳಬೇಕಾದ ಎಂಬಿ. ಉಬುಂಟು 24.04 ಡೆಸ್ಕ್‌ಟಾಪಿನ ಕಡತ ಸುಮಾರು 6 ಜಿಬಿ. ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಸಂಪರ್ಕದಲ್ಲಿ, ನಡುವೆ ಎಲ್ಲೂ ಕಡಿಯದಿದ್ದರೆ, ಅದಕ್ಕೆ ಆರೂವರೆ ಗಂಟೆ ಮೀರುತ್ತದೆ. ಡೆಬಿಯನ್ನಿನ ಜಾಲಸ್ಥಾಪನೆ ಕಡತ ಒಂದು ಜಿಬಿಗಿಂತ ಕಡಿಮೆ, ಆದರೆ ಉಳಿದದ್ದನ್ನು ಸ್ಥಾಪನೆಯ ಹೊತ್ತಿಗೆ ಜಾಲದಿಂದಲೇ ಕೇಳುತ್ತದೆ. ಟೈನಿಕೋರ್ 25 ಎಂಬಿಯೊಳಗೆ ಮುಗಿಯುತ್ತದೆ. ಅದರಲ್ಲಿ ದಿನದ ಕಚೇರಿ ಕೆಲಸ ಮಾಡುವುದು ತಪಸ್ಸು. ಹಿಂದೆ ಉಬುಂಟುವಿನ ಸಿಡಿಗಳನ್ನು ಕೆನಾನಿಕಲ್ ಕಂಪನಿ ಶಿಪ್‌ಇಟ್ ಯೋಜನೆಯಡಿ ಜಗತ್ತಿನ ಯಾವ ಮೂಲೆಗಾದರೂ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. 2011ರಲ್ಲಿ ಅದು ನಿಂತಿತು. ಈಗ ಪೇಟೆಗೆ ಹೋದವರು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರುವುದೇ ಮೇಲು. ವೆಂಟಾಯ್ ಎಂಬ ಸಾಧನ ಬಳಸಿದರೆ ಒಂದೇ ಪೆನ್‌ಡ್ರೈವಿನಲ್ಲಿ ನಾಲ್ಕಾರು ವಿತರಣೆಗಳನ್ನು ಒಟ್ಟಿಗೆ ಇಟ್ಟು ಒಂದೊಂದನ್ನೇ ಪರೀಕ್ಷಿಸಬಹುದು.

ಸ್ಥಾಪನೆ ಒಂದು ಸಲದ ಕೆಲಸ, ಅಪ್‌ಡೇಟ್ ನಿತ್ಯದ್ದು. ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್‌ಗಳಂಥ ಉರುಳುವ ವಿತರಣೆಗಳು ತಂತ್ರಾಂಶದ ಹೊಸ ಆವೃತ್ತಿ ಬಂದಂತೆಲ್ಲ ಕೊಡುತ್ತವೆ. ತಿಂಗಳು ಬಿಟ್ಟು ನೋಡಿದರೆ ಜಿಬಿಗಟ್ಟಲೆ ಬಾಕಿ ನಿಂತಿರುತ್ತದೆ. ಡೆಬಿಯನ್ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ನಡುವೆ ಭದ್ರತೆಯ ಮತ್ತು ಮುಖ್ಯ ದೋಷಗಳ ತಿದ್ದುಪಡಿಗಳನ್ನಷ್ಟೇ ಕಳಿಸುತ್ತದೆ. ಪ್ಯಾಕೇಜ್ ನಿರ್ವಾಹಕದ ವೇಗದಲ್ಲಿ ಆಲ್ಪೈನ್‌ನ ಎಪಿಕೆ ಮತ್ತು ಆರ್ಚ್‌ನ ಪ್ಯಾಕ್‌ಮನ್ ಚುರುಕು. ಫೆಡೋರಾದ ಡಿಎನ್‌ಎಫ್ ನಿಧಾನವೆಂದು ಹೆಸರು ಕೆಡಿಸಿಕೊಂಡಿತ್ತು; 2024ರ ಅಕ್ಟೋಬರ್‌ನ ಫೆಡೋರಾ 41ರಲ್ಲಿ ಡಿಎನ್‌ಎಫ್5 ಬಂದು ಸುಧಾರಿಸಿತು. ಆದರೆ ಜಾಲವೇ ತೆವಳುತ್ತಿರುವಾಗ ಡೆಬಿಯನ್, ಉಬುಂಟುಗಳ ಎಪಿಟಿ ಎರಡು ಸೆಕೆಂಡು ಹೆಚ್ಚು ತೆಗೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ರತ್ಯೇಕ ಪ್ಯಾಕೇಜಿನ ರೂಪದಲ್ಲೇ ಬರುತ್ತದೆ. ಅದು ಹಳೆಯ ಡಿಸ್ಕಿನ ಮೇಲೆ ಮೊದಲ ಸಲ ತೆರೆಯಲು ತೆಗೆದುಕೊಂಡ ಹೊತ್ತು ಬಳಕೆದಾರರನ್ನು ಮಿಂಟ್ ಕಡೆಗೆ ತಳ್ಳಿತು. ಸ್ನ್ಯಾಪನ್ನು ದೂರವಿಟ್ಟದ್ದು ಮಿಂಟ್ ತಂಡದ ಒಳ್ಳೆಯ ತೀರ್ಮಾನಗಳಲ್ಲೊಂದು.

ವಿಡಿಯೊ ಪಾಠ ನೋಡುವವರಿಗೆ ಒಂದು ಸೂಚನೆ. ಪೇಟೆಂಟ್ ಕಾರಣಕ್ಕೆ ಫೆಡೋರಾ ಎಚ್.264 ವಿಡಿಯೊವನ್ನು ಗ್ರಾಫಿಕ್ಸ್ ಚಿಪ್ಪಿನಿಂದ ಬಿಡಿಸುವ ಸೌಲಭ್ಯವನ್ನು 2022ರಲ್ಲಿ ತನ್ನ ಮೂಲ ಪ್ಯಾಕೇಜುಗಳಿಂದ ಕೈಬಿಟ್ಟಿತು. ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಅದನ್ನು ಮರಳಿ ಹಾಕಿಕೊಳ್ಳದಿದ್ದರೆ ಆ ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬಿದ್ದು, ಹಳೆಯ ಲ್ಯಾಪ್‌ಟಾಪು ಬಿಸಿಯಾಗಿ ವಿಡಿಯೊ ತಡವರಿಸುತ್ತದೆ.

ಕನ್ನಡದ ಕೆಲಸ

ಕನ್ನಡ ಅಕ್ಷರಗಳ ಒತ್ತು, ಗುಣಿತಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಜಿನ್ ಎಲ್ಲ ಮುಖ್ಯ ವಿತರಣೆಗಳಲ್ಲೂ ಒಂದೇ. ಇದರಲ್ಲಿ ವೇಗದ ಭೇದವಿಲ್ಲ. ಭೇದ ಇರುವುದು ಪೆಟ್ಟಿಗೆ ಬಿಚ್ಚಿದ ಕೂಡಲೇ ಏನು ಸಿಗುತ್ತದೆ ಎಂಬುದರಲ್ಲಿ. ಉಬುಂಟು, ಮಿಂಟ್, ಫೆಡೋರಾಗಳಲ್ಲಿ ಕನ್ನಡ ಮೊದಲ ದಿನವೇ ಓದಲು ಬರುತ್ತದೆ. ಆರ್ಚ್, ಆಲ್ಪೈನ್‌ಗಳಲ್ಲಿ ಫಾಂಟ್ ಹಾಕಿಕೊಳ್ಳುವವರೆಗೆ ಚೌಕಗಳೇ ಗತಿ. ಡೆಬಿಯನ್ನಿನ ಚಿತ್ರಾತ್ಮಕ ಸ್ಥಾಪಕವನ್ನು ಕನ್ನಡದಲ್ಲೇ ನಡೆಸಬಹುದು. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲಿಯೇ ಇವೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಸೇರಿರುವುದರಿಂದ ನುಡಿ ತಂತ್ರಾಂಶದಲ್ಲಿ ಕಲಿತ ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಕನ್ನಡದಲ್ಲೇ ಲಿನಕ್ಸ್ ಕಲಿಯಬಯಸುವವರಿಗೆ ಓಂಶಿವಪ್ರಕಾಶ್ ಎಚ್.ಎಲ್. ಅವರ ‘ಲಿನಕ್ಸಾಯಣ’ ಬರಹಗಳು ನೆರವಾಗಿವೆ.

ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಟೈಪಾದ ನಡಾವಳಿ, ಆಮಂತ್ರಣ, ಕ್ರಯಪತ್ರಗಳು ಲಿನಕ್ಸಿನಲ್ಲಿ ಅರ್ಥವಿಲ್ಲದ ಲಿಪಿಯಾಗಿ ತೆರೆದುಕೊಳ್ಳುತ್ತವೆ. ಪರಿವರ್ತಕದ ಮೂಲಕ ಹಾಯಿಸಬೇಕು. ಬೆಂಗಳೂರಿನ ಕಂಪನಿಯೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸಿಗೆ ಮಾತ್ರ ಇದೆ. ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮುದ್ರಕಕ್ಕೆ ಲಿನಕ್ಸಿನಲ್ಲಿ ಪ್ರತ್ಯೇಕ ಚಾಲಕ ಹಾಕಿ ಹೆಣಗಬೇಕಾಗುತ್ತದೆ. ಮುದ್ರಕವೇ ಓಡದ ಅಂಗಡಿಗೆ ಬೂಟ್ ಎಷ್ಟು ಸೆಕೆಂಡಿನದಾದರೇನು?

ಕರ್ನಾಟಕದ ಮತ್ತು ಗಡಿಯಾಚೆಯ ಅನುಭವ

ಕಡಿಮೆ ಸಾಮರ್ಥ್ಯದ ಯಂತ್ರದಲ್ಲಿ ಲಿನಕ್ಸ್ ಓಡಿಸುವುದಕ್ಕೆ ಕರ್ನಾಟಕದಲ್ಲಿ ದೊಡ್ಡ ಇತಿಹಾಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಸಾಫ್ಟ್‌ವೇರ್ ಜತೆಗೂಡಿ ರೂಪಿಸಿದ ಸಿಂಪ್ಯೂಟರ್ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ, 64 ಎಂಬಿ ರ್‍ಯಾಮಿನಲ್ಲಿ ಲಿನಕ್ಸ್ ಓಡಿಸಿತು. ಹಳ್ಳಿಗರಿಗೆಂದು ಮಾಡಿದ ಅಂಗೈ ಗಣಕ ಅದು. 2001ರಲ್ಲೇ ಮಾದರಿ ಬಂದಿತ್ತು, ಮಾರುಕಟ್ಟೆ ಹಿಡಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಮಹಾಗಣಕವೂ ಲಿನಕ್ಸಿನದೇ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅಗ್ರ 500 ಮಹಾಗಣಕಗಳೆಲ್ಲವೂ ಲಿನಕ್ಸ್ ಮೇಲೆ ಓಡುತ್ತಿವೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಆಂಡ್ರಾಯ್ಡ್ ಫೋನಿನ ತಿರುಳೂ ಇದೇ ಕರ್ನಲ್.

ಶಾಲೆಗಳ ಮಟ್ಟಿಗೆ, 2010ರ ದಶಕದ ಆರಂಭದಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮತ್ತು ಜಿಯೋಜೀಬ್ರಾದಂಥ ತಂತ್ರಾಂಶಗಳ ಪರಿಚಯ ಮಾಡಿಸಿದವು. ಆದರೆ ಅದು ಕೇರಳದ ಹಾಗೆ ಇಡೀ ವ್ಯವಸ್ಥೆಯ ನಿಯಮವಾಗಲಿಲ್ಲ. ಅಲ್ಲಿ 2001ರ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ, ಉಬುಂಟುವನ್ನು ಆಧರಿಸಿದ ತನ್ನದೇ ವಿತರಣೆಯನ್ನು ಶಾಲೆಗಳಿಗೆಲ್ಲ ಕೊಡುತ್ತಿದೆ. ಅದರಿಂದಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಮೇಲೆಯೇ ಗಣಕ ಪಾಠವನ್ನು ಕನ್ನಡ ಪಠ್ಯಪುಸ್ತಕದಿಂದ ಕಲಿಯುತ್ತಾರೆ. ಎಲ್ಲ ಶಾಲೆಗೂ ಒಂದೇ ವಿತರಣೆ ಇರುವುದರ ಲಾಭವನ್ನು ಯಾವ ಬೆಂಚ್‌ಮಾರ್ಕೂ ತೋರಿಸುವುದಿಲ್ಲ. ಒಂದು ಶಾಲೆಯ ಯಂತ್ರ ಕೆಟ್ಟರೆ ಪಕ್ಕದ ಶಾಲೆಯ ಶಿಕ್ಷಕರಿಗೆ ಪರಿಹಾರ ಗೊತ್ತಿರುತ್ತದೆ. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ, ಡೆಬಿಯನ್ ಆಧಾರದ ಬಾಸ್ ಲಿನಕ್ಸ್ 2007ರಿಂದ ಇದೆ, ಕನ್ನಡವೂ ಅದರಲ್ಲಿದೆ. ಸರಕಾರಿ ಮೇಜುಗಳ ಆಚೆ ಅದು ಅಷ್ಟಾಗಿ ಹರಡಲಿಲ್ಲ.

ಆಯ್ಕೆ

ಈ ಮೂರು ತಾಲ್ಲೂಕುಗಳ ಸ್ಥಿತಿಗೆ ಹೊಂದಿಸಿ ಹೇಳುವುದಾದರೆ, 4 ಜಿಬಿ ರ್‍ಯಾಮಿನ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಎಕ್ಸ್‌ಎಫ್‌ಸಿಇ ಹಾಕಿದ ಡೆಬಿಯನ್ ಸರಿ. ಮನೆಯಲ್ಲಿ ತಿಳಿದವರಿಲ್ಲದಿದ್ದರೆ ಮಿಂಟ್, ಜಾಲ ತೀರಾ ತೆಳುವಾಗಿದ್ದರೆ ಡೆಬಿಯನ್. 2 ಜಿಬಿಗೆ ಆಂಟಿಎಕ್ಸ್ ಅಥವಾ ಎಲ್‌ಎಕ್ಸ್‌ಕ್ಯೂಟಿ ಹಾಕಿದ ಡೆಬಿಯನ್, ಜತೆಗೆ ಝಡ್‌ರ್‍ಯಾಮ್. ಲುಬುಂಟುವೂ ಹಗುರವೇ, ಆದರೆ ಸ್ನ್ಯಾಪ್ ಅಲ್ಲಿಯೂ ಇದೆ. 8 ಜಿಬಿ ರ್‍ಯಾಮು, ಎಸ್‌ಎಸ್‌ಡಿ ಇರುವವರು ಮನಸ್ಸಿಗೆ ಬಂದದ್ದನ್ನು ಹಾಕಿಕೊಳ್ಳಬಹುದು; ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಗುವುದಿಲ್ಲ. ಕ್ಯಾಶಿಓಎಸ್, ಟಂಬಲ್‌ವೀಡ್‌ಗಳು ಒಳ್ಳೆಯ ಫೈಬರ್ ಸಂಪರ್ಕವೂ ಹೊಸ ಪ್ರೊಸೆಸರೂ ಇರುವ ಉತ್ಸಾಹಿಗಳಿಗೆ.

ಯಾವ ವಿತರಣೆ ಹಾಕುವುದಿದ್ದರೂ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಮೊದಲು ಹಾಕಿಸಬೇಕು. ಯುಪಿಎಸ್ ಬ್ಯಾಟರಿ ಹೋಗಿದ್ದರೆ ಬದಲಿಸಬೇಕು. ಡಿಸ್ಕಿಗೆ ಇಳಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಓಡಿಸಿ ಮುದ್ರಕ, ವೈಫೈ, ಹಳೆಯ ಕನ್ನಡ ಕಡತ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನು 32 ಬಿಟ್ ಯಂತ್ರಗಳು. ಆರ್ಚ್ ಅವನ್ನು 2017ರಲ್ಲೂ ಫೆಡೋರಾ 31ನೇ ಆವೃತ್ತಿಯಲ್ಲೂ ಉಬುಂಟು 20.04ರ ಹೊತ್ತಿಗೂ ಬಿಟ್ಟವು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಸ್ಥಾಪಕವಿಲ್ಲ. ಡೆಬಿಯನ್ 12 ಮತ್ತು ಅದನ್ನು ಆಧರಿಸಿದ ಆಂಟಿಎಕ್ಸ್ 23 ಅವುಗಳಿಗೆ ಇನ್ನೂ ಸಿಗುತ್ತವೆ.